ಒಂದೇ ಪಾಸಿಗೆ ದುಡ್ಡಿದ್ದರೆ: ಕೋವರ್ಕಿಂಗ್ ನಡೆಸುವವರು ಯಾವ ಸಮಾವೇಶಕ್ಕೆ ಹೋಗಬೇಕು?

ಕಳೆದ ತಿಂಗಳು ಶಿವಮೊಗ್ಗದಿಂದ ಒಬ್ಬರು ಫೋನ್ ಮಾಡಿದ್ದರು. 45 ಸೀಟಿನ ಕೋವರ್ಕಿಂಗ್ (ಬೇರೆ ಬೇರೆಯವರು ಸೀಟು ಬಾಡಿಗೆಗೆ ಹಿಡಿದು ಕೂತು ಕೆಲಸ ಮಾಡುವ ಆಫೀಸು) ತೆರೆದು ಎಂಟು ತಿಂಗಳಾಗಿದೆ, ಅರ್ಧ ತುಂಬಿದೆ. "ಸರ್, ಈ ವರ್ಷ ಒಂದು ಕಾನ್ಫರೆನ್ಸ್‌ಗೆ ಹೋಗಿ ಬರೋಣ ಅಂತ ದುಡ್ಡು ಎತ್ತಿಟ್ಟಿದ್ದೀನಿ. ಯುರೋಪಿನದ್ದಕ್ಕೆ ಹೋಗ್ಲಾ, ಮುಂಬೈನದ್ದಕ್ಕೆ ಹೋಗ್ಲಾ?" ಎಂದು ಕೇಳಿದರು. ಗಡಿಬಿಡಿಯಲ್ಲಿ ಏನೋ ಹೇಳಿ ಫೋನ್ ಇಟ್ಟೆ. ಆಮೇಲೆ ಕೂತು ಯೋಚಿಸಿದರೆ, ಇದೇ ಪ್ರಶ್ನೆಯನ್ನು ಹಾಸನದವರು, ದಾವಣಗೆರೆಯವರು, ನಮ್ಮ ಮೈಸೂರಿನವರೇ ಇಬ್ಬರು ಕೇಳಿದ್ದು ನೆನಪಾಯಿತು. ಅದಕ್ಕೇ ಪೂರ್ತಿ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಮೈಸೂರಿನ ಕುವೆಂಪುನಗರದಲ್ಲಿ 70 ಸೀಟಿನ ಸ್ಪೇಸ್ ನಡೆಸುತ್ತೇನೆ. ದೊಡ್ಡದು, ಸಣ್ಣದು ಸೇರಿ ಒಂಬತ್ತು ಸಮಾವೇಶಗಳನ್ನು ನೋಡಿದ್ದೇನೆ. ಸಣ್ಣ ಊರಿನ ಸಣ್ಣ ಸ್ಪೇಸ್ ಯಾವುದಕ್ಕೆ ಹೋದರೆ ಏನು ಸಿಗುತ್ತದೆ ಎನ್ನುವ ಒಂದೇ ಕಣ್ಣಿನಿಂದ ಇಲ್ಲಿ ತೂಗಿದ್ದೇನೆ.

ಮೊದಲು ಸೀಟಿನ ಲೆಕ್ಕ

ಸಮಾವೇಶದ ಖರ್ಚನ್ನು ನಾನು ಸೀಟು-ತಿಂಗಳಲ್ಲಿ ಅಳೆಯುತ್ತೇನೆ. ನಮ್ಮಲ್ಲಿ ಒಂದು ಖಾಯಂ ಸೀಟಿಗೆ ತಿಂಗಳಿಗೆ 5,000 ರೂಪಾಯಿ. ಯುರೋಪಿಗೆ ಹೋಗಿಬರಲು ವಿಮಾನ, ನಾಲ್ಕು ರಾತ್ರಿ ರೂಮು, ವೀಸಾ, ಪಾಸು ಎಲ್ಲ ಕೂಡಿಸಿದರೆ ಎಷ್ಟೇ ಕೈಬಿಗಿ ಹಿಡಿದರೂ ಎರಡು ಲಕ್ಷ ದಾಟುತ್ತದೆ. ಅಂದರೆ 40 ಸೀಟು-ತಿಂಗಳು. ಮೂರು ಸೀಟು ಇಡೀ ವರ್ಷ ಒಂದು ದಿನವೂ ಖಾಲಿ ಬೀಳದೆ ಇದ್ದರೂ ಅಷ್ಟು ದುಡ್ಡು ಬರುವುದಿಲ್ಲ. ಆಗ್ನೇಯ ಏಷ್ಯಾದ ಊರಾದರೆ ಸುಮಾರು 20 ಸೀಟು-ತಿಂಗಳು. ಮುಂಬೈ, ದೆಹಲಿಯಾದರೆ ಎಂಟರಿಂದ ಹತ್ತು. ಬೆಂಗಳೂರಾದರೆ ಬೆಳಗಿನ ಚಾಮುಂಡಿ ಎಕ್ಸ್‌ಪ್ರೆಸ್ ಹಿಡಿದು ಹೋಗಿ ಸಂಜೆ ಅದರಲ್ಲೇ ವಾಪಸ್ ಬರಬಹುದು, ಪಾಸಿನ ದುಡ್ಡು ಬಿಟ್ಟರೆ ಹೇಳಿಕೊಳ್ಳುವಂಥ ಖರ್ಚಿಲ್ಲ.

ಲೆಕ್ಕ ಹಾಕುವಾಗ ತುಂಬಾ ಜನ ಬಿಟ್ಟುಬಿಡುವ ಒಂದು ಬಾಬ್ತು ಇದೆ. ಹೊರರಾಜ್ಯದ ಹೋಟೆಲ್ ರೂಮಿನ ಜಿಎಸ್‌ಟಿ ಆ ರಾಜ್ಯದ ಲೆಕ್ಕಕ್ಕೆ ಹೋಗುತ್ತದೆ. ಕರ್ನಾಟಕದಲ್ಲಿ ಮಾತ್ರ ನೋಂದಣಿ ಇರುವವರಿಗೆ ಅದರ ಇನ್‌ಪುಟ್ ಕ್ರೆಡಿಟ್ (ಕೊಟ್ಟ ತೆರಿಗೆಯನ್ನು ನಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುವ ಸೌಲಭ್ಯ) ಸಿಗುವುದಿಲ್ಲ. ರೂಮಿನ ತೆರಿಗೆಯನ್ನು ಪೂರ್ತಿ ಖರ್ಚು ಎಂದೇ ಬರೆದುಕೊಳ್ಳಿ. ನೀವು ಊರಲ್ಲಿಲ್ಲದ ನಾಲ್ಕು ದಿನ ಸೀಟು ನೋಡಲು ಬಂದು, ಮಾತಾಡುವವರಿಲ್ಲದೆ ವಾಪಸ್ ಹೋದವರ ಲೆಕ್ಕವನ್ನೂ ಸೇರಿಸಿ.

ಇಷ್ಟಾದ ಮೇಲೆ ನಿಮ್ಮನ್ನು ನೀವೇ ಕೇಳಿಕೊಳ್ಳಬೇಕಾದದ್ದು: ಈಗ ನಿಮ್ಮ ನಿದ್ದೆ ಕೆಡಿಸುತ್ತಿರುವುದು ಯಾವುದು? ಸೀಟು ತುಂಬದಿರುವುದೋ, ಕಟ್ಟಡದ ಓನರ್, ಕರಾರು ಮುರಿಯುವಂತಿಲ್ಲದ ಲಾಕ್-ಇನ್ ಅವಧಿ ಮುಗಿಯುತ್ತಿದ್ದಂತೆ ಬಾಡಿಗೆ ಏರಿಸುತ್ತೇನೆ ಎಂದು ಕೂತಿರುವುದೋ, 30 ಸೀಟು ಒಟ್ಟಿಗೆ ತೆಗೆದುಕೊಳ್ಳುವ ಕಂಪನಿಯನ್ನು ಹುಡುಕುವುದೋ, ಫ್ರಂಟ್ ಡೆಸ್ಕಿನಲ್ಲಿ ಆರು ತಿಂಗಳಿಗೊಬ್ಬರು ಬದಲಾಗುವುದೋ? ಒಂದೊಂದಕ್ಕೂ ಒಂದೊಂದು ಜಾಗ ಇದೆ. ಎಲ್ಲಕ್ಕೂ ಉತ್ತರ ಸಿಗುವ ಸಮಾವೇಶವನ್ನು ನಾನು ಕಂಡಿಲ್ಲ.

ಅಮೆರಿಕ, ಯುರೋಪ್, ಬಾಲಿ

ಹೊರದೇಶದಲ್ಲಿ ಈ ಕ್ಷೇತ್ರದವರು ಮೊದಲು ಹೇಳುವ ಹೆಸರು ಎರಡು. ಜಿಸಿಯುಸಿ ಎಂದು ಬರೆದು 'ಜ್ಯೂಸಿ' ಎಂದು ಕರೆಯುವ ಸಮಾವೇಶ 2011ರಲ್ಲಿ ಟೆಕ್ಸಸ್‌ನ ಆಸ್ಟಿನ್‌ನಲ್ಲಿ ಶುರುವಾಯಿತು. ಶುರು ಮಾಡಿದ ಲಿಝ್ ಎಲಮ್ ಆ ಊರಿನಲ್ಲಿ ತಾವೇ ಕೋವರ್ಕಿಂಗ್ ನಡೆಸುತ್ತಿದ್ದವರು. ಕೋವರ್ಕಿಂಗ್ ಯುರೋಪ್ ಅದಕ್ಕಿಂತ ಒಂದು ವರ್ಷ ಹಳೆಯದು. 2010ರಲ್ಲಿ ಬ್ರಸೆಲ್ಸ್‌ನಲ್ಲಿ ಆರಂಭವಾಗಿ, ಬರ್ಲಿನ್, ಪ್ಯಾರಿಸ್, ಬಾರ್ಸಿಲೋನಾ, ಲಿಸ್ಬನ್, ಮಿಲಾನ್ ಎಂದು ವರ್ಷಕ್ಕೊಂದು ಊರು ಸುತ್ತಿತು. ಸಾಮಾನ್ಯವಾಗಿ ನವೆಂಬರ್‌ನಲ್ಲಿ ನಡೆಯುತ್ತದೆ.

ಎರಡರ ರುಚಿ ಬೇರೆ. ಅಮೆರಿಕದ ಮಾತುಕತೆ ಸುತ್ತಿ ಬಳಸಿ ಕಟ್ಟಡದ ಕರಾರಿಗೇ ಬರುತ್ತದೆ. 2023ರ ನವೆಂಬರ್‌ನಲ್ಲಿ ದೊಡ್ಡ ಕೋವರ್ಕಿಂಗ್ ಕಂಪನಿ ವೀವರ್ಕ್ ಅಲ್ಲಿ ದಿವಾಳಿ ರಕ್ಷಣೆಗೆ ಅರ್ಜಿ ಹಾಕಿದ ಮೇಲಂತೂ ಇದು ಇನ್ನೂ ಜೋರಾಗಿದೆ. ಹತ್ತು-ಹದಿನೈದು ವರ್ಷದ ಬಾಡಿಗೆಯನ್ನು ತಲೆ ಮೇಲೆ ಹೊತ್ತು, ಅದನ್ನೇ ತಿಂಗಳ ಲೆಕ್ಕದಲ್ಲಿ ಬಿಡಿಬಿಡಿಯಾಗಿ ಮಾರುವುದು ಎಷ್ಟು ಅಪಾಯ ಎಂದು ಎಲ್ಲರಿಗೂ ಕಣ್ಣೆದುರೇ ಕಂಡಿತು. ಅದಕ್ಕೇ ಓನರ್ ಜೊತೆ ಬಾಡಿಗೆಯ ಬದಲು ಆದಾಯ ಹಂಚಿಕೊಳ್ಳುವ ಕರಾರು ಹೇಗೆ ಮಾಡುವುದು ಎನ್ನುವುದು ಅಲ್ಲಿನ ದೊಡ್ಡ ವಿಷಯ. ಯುರೋಪಿನಲ್ಲಿ ಊರು, ನೆರೆಹೊರೆ, ಹಳ್ಳಿಗಾಡಿನ ಸ್ಪೇಸ್, ಸದಸ್ಯರ ನಡುವಿನ ಒಡನಾಟದ ಮಾತು ಹೆಚ್ಚು ಕೇಳುತ್ತದೆ. 20–30 ಸೀಟಿನವರನ್ನೂ ಅಲ್ಲಿ ಸಮನಾಗಿ ಕೂರಿಸಿಕೊಳ್ಳುತ್ತಾರೆ. ನನ್ನನ್ನು ಕೇಳಿದರೆ ಇವೆರಡರಲ್ಲಿ ನಮ್ಮಂಥವರಿಗೆ ಯುರೋಪಿನದೇ ಹತ್ತಿರ.

ಆದರೆ ವೀಸಾ ಸರದಿ ಮರೆಯಬೇಡಿ. ಯುರೋಪಿನ ಷೆಂಗೆನ್ ವೀಸಾ ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮುಂಚೆಯಿಂದ ಹಾಕಬಹುದು. ಶುಲ್ಕ 2024ರ ಜೂನ್‌ನಿಂದ 90 ಯೂರೋ, ವೀಸಾ ಸಿಗದಿದ್ದರೂ ಅದು ವಾಪಸ್ ಬರುವುದಿಲ್ಲ. ಅಮೆರಿಕದ ಬಿಸಿನೆಸ್ ವೀಸಾಗೆ 185 ಡಾಲರ್ ಕಟ್ಟಿ ಸಂದರ್ಶನದ ದಿನಾಂಕಕ್ಕಾಗಿ ಕಾಯಬೇಕು. ಪಾಸನ್ನು ರಿಯಾಯಿತಿ ದರದಲ್ಲಿ ಕೊಂಡು ವೀಸಾ ಬಾರದೆ ಕಳೆದುಕೊಂಡವರನ್ನು ನಾನು ಬಲ್ಲೆ. ಪಾಸನ್ನು ಬೇರೆಯವರ ಹೆಸರಿಗೆ ಬದಲಿಸಿಕೊಡುತ್ತೀರಾ ಎಂದು ಸಂಘಟಕರಿಗೆ ಒಂದು ಸಾಲಿನ ಮೇಲ್ ಹಾಕಿ, ಉತ್ತರ ಬಂದ ಮೇಲೆ ದುಡ್ಡು ಕಟ್ಟಿ.

ಇನ್ನು ಕೋವರ್ಕಿಂಗ್ ಅನ್‌ಕಾನ್ಫರೆನ್ಸ್ ಏಷ್ಯಾ. 2015ರಲ್ಲಿ ಬಾಲಿಯಲ್ಲಿ ಶುರುವಾಯಿತು. ಗೋಕರ್ಣ, ಕೊಡಗು, ಚಿಕ್ಕಮಗಳೂರಿನ ಕಡೆ ಹೋಂಸ್ಟೇ ಜೊತೆ ಹತ್ತು-ಹದಿನೈದು ಸೀಟು ಹಾಕಿಕೊಂಡವರು ಇದ್ದರೆ, ಯುರೋಪ್ ಮರೆತು ಇದಕ್ಕೆ ಹೋಗಿ ಎನ್ನುತ್ತೇನೆ. ಲ್ಯಾಪ್‌ಟಾಪ್ ಹಿಡಿದು ಊರೂರು ಸುತ್ತುವವರನ್ನೇ ನಂಬಿ ಬೆಳೆದ ಸ್ಪೇಸ್‌ಗಳು ಆ ಭಾಗದಲ್ಲಿವೆ. ಮಳೆಗಾಲದಲ್ಲಿ ಖಾಲಿ, ಸೀಸನ್‌ನಲ್ಲಿ ಕಾಲಿಡಲು ಜಾಗವಿಲ್ಲ ಎನ್ನುವ ಸ್ಥಿತಿಯನ್ನು ಅವರು ವರ್ಷಗಟ್ಟಲೆ ನಿಭಾಯಿಸಿದ್ದಾರೆ. ಸೆಕೆ, ಎ.ಸಿ. ಬಿಲ್ಲು, ಕೈಕೊಡುವ ಇಂಟರ್‌ನೆಟ್ ಎಲ್ಲ ನಮ್ಮದರ ಹಾಗೇ. ಖರ್ಚೂ ಯುರೋಪಿನ ಅರ್ಧ.

ಪಂಚತಾರಾ ಹಾಲ್‌ಗಳು

ನಮ್ಮ ದೇಶದಲ್ಲಿ ಮುಂಬೈ, ದೆಹಲಿ, ಬೆಂಗಳೂರಿನ ದೊಡ್ಡ ಹೋಟೆಲ್‌ಗಳಲ್ಲಿ ನಡೆಯುವ ವರ್ಕ್‌ಸ್ಪೇಸ್ ಸಮ್ಮಿಟ್‌ಗಳ ಮಾತು ಈಗ ಬೇರೆಯೇ ದಿಕ್ಕಿಗೆ ಹೋಗಿದೆ. ಅದಕ್ಕೆ ಕಾರಣವೂ ಇದೆ. 2024ರ ಮೇ 30ರಂದು 'ಆಫಿಸ್' (Awfis) ಎಂಬ ಕಂಪನಿ ಷೇರುಪೇಟೆಗೆ ಬಂತು, ದೇಶದ ಕೋವರ್ಕಿಂಗ್ ಕಂಪನಿಗಳಲ್ಲಿ ಅದೇ ಮೊದಲು. 2025ರ ಜುಲೈನಲ್ಲಿ ಸ್ಮಾರ್ಟ್‌ವರ್ಕ್ಸ್ ಮತ್ತು ನಮ್ಮ ಬೆಂಗಳೂರಿನದೇ ಆದ ಇಂಡಿಕ್ಯೂಬ್, ಅಕ್ಟೋಬರ್‌ನಲ್ಲಿ ವೀವರ್ಕ್ ಇಂಡಿಯಾ ಬಂದವು. ಹೀಗಾಗಿ ವೇದಿಕೆಯ ಮೇಲೆ ಕೂತವರ ಎದುರಿಗಿರುವ ಕೇಳುಗರು ಹೂಡಿಕೆದಾರರು. ಲಕ್ಷಾಂತರ ಚದರಡಿ, ವಿದೇಶಿ ಕಂಪನಿಗಳ ಇಲ್ಲಿನ ಕೇಂದ್ರಗಳು, ಇಡೀ ಮಹಡಿಯನ್ನೇ ಒಬ್ಬ ಗಿರಾಕಿಗೆ ಸಿದ್ಧ ಮಾಡಿಕೊಡುವ ಮ್ಯಾನೇಜ್ಡ್ ಆಫೀಸು, ಇವೇ ವಿಷಯ. 45 ಸೀಟಿನವರು ಅಲ್ಲಿ ಕೂತರೆ ಮಾತು ಅರ್ಥವಾಗುತ್ತದೆ, ಊರಿಗೆ ಬಂದು ಮಾಡುವುದಕ್ಕೆ ಏನೂ ಇರುವುದಿಲ್ಲ.

ಆದರೂ ಎರಡನೇ, ಮೂರನೇ ಬ್ರಾಂಚ್ ಹಾಕುವವರು ಅಲ್ಲಿಗೇ ಹೋಗಬೇಕು. ಕಂಪನಿಗಳಿಗೆ ಜಾಗ ಹುಡುಕಿಕೊಡುವ ದೊಡ್ಡ ಪ್ರಾಪರ್ಟಿ ಕನ್ಸಲ್ಟೆಂಟ್‌ಗಳು ಬರುವುದು ಅಲ್ಲಿಗೆ. ಬೆಂಗಳೂರಿನ ಕಂಪನಿ ಮೈಸೂರಿನಲ್ಲೋ ಮಂಗಳೂರಿನಲ್ಲೋ 40 ಸೀಟು ಕೇಳಿದರೆ ಅವರ ಪಟ್ಟಿಯಲ್ಲಿ ನಿಮ್ಮ ಹೆಸರಿರಬೇಕು. 'ಬಿಯಾಂಡ್ ಬೆಂಗಳೂರು' ಎಂದು ರಾಜ್ಯದ ಡಿಜಿಟಲ್ ಎಕಾನಮಿ ಮಿಷನ್ ಮೈಸೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡ-ಬೆಳಗಾವಿಗಳನ್ನು ಮುಂದಿಡುತ್ತಿರುವಾಗ ಅಂಥ ವಿಚಾರಣೆ ಬರುವ ಸಾಧ್ಯತೆ ಇದ್ದೇ ಇದೆ. ಒಂದು ದಿನದ ಪಾಸು ಸಿಗುವುದಾದರೆ ಅಷ್ಟೇ ತೆಗೆದುಕೊಳ್ಳಿ. ಭಾಷಣ ಬಿಟ್ಟು ಊಟದ ಸಾಲಿನಲ್ಲಿ, ಕಾಫಿ ಕೌಂಟರ್ ಹತ್ತಿರ ನಿಲ್ಲಿ. ನಿಮ್ಮ ಸ್ಪೇಸಿನ ಎರಡು ಪುಟದ ವಿವರ ಫೋನಿನಲ್ಲಿ ಸಿದ್ಧವಿರಲಿ: ಒಟ್ಟು ಸೀಟು, ಪಾರ್ಕಿಂಗ್, ಪವರ್ ಬ್ಯಾಕಪ್, ಎರಡು ಬೇರೆ ಬೇರೆ ಇಂಟರ್‌ನೆಟ್ ಲೈನ್ ಇದೆಯೇ, ಲಿಫ್ಟ್ ಇದೆಯೇ.

ಸ್ಟಾಲ್‌ಗಳ ಬಗ್ಗೆ ನನ್ನದೊಂದು ಅನುಭವ ಹೇಳಬೇಕು. ಒಂದು ದೊಡ್ಡ ನಗರದ ಸಮ್ಮಿಟ್‌ನಲ್ಲಿ ಸದಸ್ಯರ ಲೆಕ್ಕ ಇಡುವ ಸಾಫ್ಟ್‌ವೇರ್ ನೋಡಿದೆ. ಪರದೆ ಮೇಲೆ ಚಂದ ಕಂಡಿತು, ಈ ಹಾಲ್‌ನಲ್ಲೇ ಬುಕ್ ಮಾಡಿದರೆ ಶೇ. 30 ಕಡಿಮೆ ಎಂದರು. ವರ್ಷದ ದುಡ್ಡು ಅಲ್ಲೇ ಕಟ್ಟಿದೆ. ಊರಿಗೆ ಬಂದು ಮೊದಲ ತಿಂಗಳ ಬಿಲ್ ತೆಗೆದಾಗ ನಮಗೆ ಬೇಕಾದ ಜಿಎಸ್‌ಟಿ ನಮೂನೆಯೇ ಅದರಲ್ಲಿ ಇರಲಿಲ್ಲ. ಹೊರದೇಶದ ತೆರಿಗೆಗೆ ಮಾಡಿದ ಸಾಫ್ಟ್‌ವೇರ್ ಅದು. ಹನ್ನೊಂದು ತಿಂಗಳು ಪ್ರತಿ ಬಿಲ್ಲನ್ನೂ ಮತ್ತೊಮ್ಮೆ ಟ್ಯಾಲಿಯಲ್ಲಿ ಕೈಯಾರೆ ಹೊಡೆದೆವು. ತಿಂಗಳ ಕೊನೆಯ ಎರಡು ರಾತ್ರಿ ಅದಕ್ಕೇ ಹೋಗುತ್ತಿತ್ತು. ಈಗ ಯಾವ ಸ್ಟಾಲ್‌ನಲ್ಲೂ ಸಹಿ ಹಾಕುವುದಿಲ್ಲ. ನಮ್ಮ ಹಳೆಯ ಬಿಲ್ ಒಂದನ್ನು ಪೆನ್‌ಡ್ರೈವ್‌ನಲ್ಲಿ ಒಯ್ದು, "ಇದನ್ನೇ ಈಗ ನನ್ನೆದುರು ಮಾಡಿ ತೋರಿಸಿ" ಎನ್ನುತ್ತೇನೆ.

ವೇದಿಕೆಯಲ್ಲಿ ಕೇಳಿಸುವುದಕ್ಕಿಂತ ಹೆಚ್ಚಿನ ಲೆಕ್ಕ ಮನೆಯಲ್ಲೇ ಕೂತು ಓದಲು ಸಿಗುತ್ತದೆ ಎನ್ನುವುದೂ ಗೊತ್ತಿರಲಿ. ಷೇರುಪೇಟೆಗೆ ಬರುವ ಮುನ್ನ ಈ ಕಂಪನಿಗಳು ಸೆಬಿಗೆ ಕೊಟ್ಟ ದಾಖಲೆಗಳು ಎಲ್ಲರಿಗೂ ಉಚಿತ. ಎಷ್ಟು ಸೀಟು ತುಂಬಿದೆ, ಆದಾಯದಲ್ಲಿ ಬಾಡಿಗೆಗೆ ಎಷ್ಟು ಹೋಗುತ್ತದೆ, ಓನರ್ ಜೊತೆ ಯಾವ ಬಗೆಯ ಕರಾರು ಎಂದೆಲ್ಲ ಬರೆದಿರುತ್ತಾರೆ. ಆಫಿಸ್ ತನ್ನ ಕೇಂದ್ರಗಳಲ್ಲಿ ಬಹಳಷ್ಟನ್ನು ಓನರ್ ಜೊತೆ ಹೂಡಿಕೆ, ಆದಾಯ ಎರಡನ್ನೂ ಹಂಚಿಕೊಳ್ಳುವ ಪದ್ಧತಿಯಲ್ಲಿ ನಡೆಸುತ್ತದೆ. ಅದರ ವಿವರ ಅಲ್ಲೇ ಇದೆ. ನಾನು ಎರಡು ಭಾನುವಾರ ಕೂತು ಓದಿದೆ. ನಮ್ಮ ಓನರ್ ಜೊತೆ ಮುಂದಿನ ಕರಾರಿನ ಮಾತಿಗೆ ಕೂತಾಗ ಆ ಓದು ಕೈಹಿಡಿಯಿತು.

ನವೆಂಬರ್‌ನ ಬೆಂಗಳೂರು ಟೆಕ್ ಸಮ್ಮಿಟ್ ನಮ್ಮ ವೃತ್ತಿಯವರ ಸಭೆಯಲ್ಲ. ಸ್ಟಾರ್ಟಪ್ ಗಿರಾಕಿಗಳನ್ನು ಹುಡುಕುವವರಿಗೆ ಒಂದು ದಿನ ಸಾಕು.

ಚೀಟಿ ಅಂಟಿಸಿ ವೃತ್ತದಲ್ಲಿ ಕೂರುವ ಸಭೆ

ನನ್ನ ಮಟ್ಟಿಗೆ 100 ಸೀಟಿನ ಒಳಗಿನವರು ದುಡ್ಡು ಹಾಕಬೇಕಾದದ್ದು ಇಂಥ ಸಭೆಗೆ. ಅನ್‌ಕಾನ್ಫರೆನ್ಸ್ ಎನ್ನುತ್ತಾರೆ. ಇದರ ಬೇರು ಹ್ಯಾರಿಸನ್ ಓವನ್ 1985ರಲ್ಲಿ ರೂಪಿಸಿದ 'ಓಪನ್ ಸ್ಪೇಸ್' ಪದ್ಧತಿಯಲ್ಲಿದೆ. ಅವರು ತುಂಬಾ ಕಷ್ಟಪಟ್ಟು ಒಂದು ಸಮಾವೇಶ ನಡೆಸಿದರಂತೆ. ಬಂದವರೆಲ್ಲ ಚೆನ್ನಾಗಿತ್ತು ಎಂದದ್ದು ಕಾಫಿ ವಿರಾಮವನ್ನು. ಹಾಗಾದರೆ ಇಡೀ ಸಭೆಯನ್ನೇ ಕಾಫಿ ವಿರಾಮದ ಹಾಗೆ ನಡೆಸಿದರೇನು ಎಂದು ಅವರಿಗೆ ಹೊಳೆಯಿತು. ಮೊದಲೇ ಸಿದ್ಧವಾದ ವಿಷಯಪಟ್ಟಿ ಇರುವುದಿಲ್ಲ. ಬೆಳಗ್ಗೆ ಬಂದವರು ತಮ್ಮ ವಿಷಯವನ್ನು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸುತ್ತಾರೆ, ಯಾವ ಹೊತ್ತು, ಯಾವ ಮೂಲೆ ಎಂದು ಗುರುತು ಹಾಕುತ್ತಾರೆ. ಬೇಕಾದವರು ಅಲ್ಲಿ ಕೂರುತ್ತಾರೆ. 'ಎರಡು ಕಾಲಿನ ನಿಯಮ' ಎಂದೊಂದಿದೆ: ಕೂತಲ್ಲಿ ಕಲಿಯಲೂ ಇಲ್ಲ, ಕಲಿಸಲೂ ಇಲ್ಲ ಎನಿಸಿದರೆ ಎದ್ದು ಇನ್ನೊಂದು ಗುಂಪಿಗೆ ಹೋಗಬೇಕು. ಯಾರೂ ಬೇಸರ ಮಾಡಿಕೊಳ್ಳುವಂತಿಲ್ಲ.

ಬೆಂಗಳೂರಿನಲ್ಲಿ ಇಂಥದ್ದೊಂದಕ್ಕೆ ಹೋಗಿದ್ದೆ. ಗಾಜಿನ ಗೋಡೆ ತುಂಬ ಹಳದಿ ಚೀಟಿ. 'ಬ್ರ್ಯಾಂಡ್ ಕಟ್ಟುವುದು ಹೇಗೆ' ಎಂಬಂಥವುಗಳ ನಡುವೆ ಯಾರೋ ಕನ್ನಡದಲ್ಲಿ ಬರೆದಿದ್ದರು: 'ಕರೆಂಟ್ ಬಿಲ್ಲು, ಬನ್ನಿ ಮಾತಾಡೋಣ.' ಎಂಟು ಜನ ಕೂತೆವು. ಬರೆದವರು ತುಮಕೂರಿನವರು. ಫೋನ್ ತೆಗೆದು ತಮ್ಮ ಬಿಲ್ಲಿನ ಫೋಟೋ ತೋರಿಸಿದರು. ಕಟ್ಟಡ ಮೊದಲು ಬಟ್ಟೆ ಶೋರೂಮ್ ಆಗಿತ್ತು, ಮಂಜೂರಾದ ಲೋಡ್ ಆಗಿನದೇ ಉಳಿದಿತ್ತು, ಕಿಲೋವ್ಯಾಟ್ ಲೆಕ್ಕದ ನಿಗದಿ ಶುಲ್ಕವನ್ನು ಅವರು ಬಳಸದ ಲೋಡಿಗೂ ತಿಂಗಳು ತಿಂಗಳು ಕಟ್ಟುತ್ತಿದ್ದರು. ಎಂಟರಲ್ಲಿ ಐದು ಜನ ತಮ್ಮ ಬಿಲ್ಲನ್ನು ಅಲ್ಲೇ ತೆರೆದು ನೋಡಿದರು. ನನ್ನದೂ ಹಾಗೇ ಇತ್ತು. ವಾಪಸ್ ಬಂದು ಓನರ್ ಹತ್ತಿರ ಸಹಿ ಹಾಕಿಸಿ, ಲೋಡ್ ಇಳಿಸಲು ವಿದ್ಯುತ್ ಕಂಪನಿ ಸೆಸ್ಕ್ ಕಚೇರಿಗೆ ಅರ್ಜಿ ಕೊಟ್ಟೆ. ಆ ಸಭೆಯ ಪಾಸಿನ ದುಡ್ಡು ಮೂರೇ ತಿಂಗಳ ಬಿಲ್ಲಿನಲ್ಲಿ ವಾಪಸ್ ಬಂತು.

ದೊಡ್ಡ ಹಾಲ್‌ನಲ್ಲಿ ಈ ಪ್ರಶ್ನೆ ಯಾರೂ ಕೇಳುವುದಿಲ್ಲ. ಮೈಕ್ ಹಿಡಿದು, ಇಂಗ್ಲಿಷಿನಲ್ಲಿ, ಮುನ್ನೂರು ಜನರ ಎದುರು 'ನನ್ನ ಕರೆಂಟ್ ಬಿಲ್ಲು ಜಾಸ್ತಿ ಬರುತ್ತಿದೆ' ಎನ್ನಲು ಎಂಥವರಿಗೂ ಸಂಕೋಚ. ಹಾಸನದವರೊಬ್ಬರು ಒಂದು ಸಮ್ಮಿಟ್‌ನಲ್ಲಿ ದಿನವಿಡೀ ತುಟಿ ಬಿಚ್ಚದೆ ಕೂತಿದ್ದರು. ಸಂಜೆ ಲಿಫ್ಟ್ ಹತ್ತಿರ ಕನ್ನಡದಲ್ಲಿ ಮಾತಿಗೆ ಸಿಕ್ಕಾಗ ಮುಕ್ಕಾಲು ಗಂಟೆ ಒಂದೇ ಸಮನೆ ಕೇಳಿದರು: ವರ್ಚುವಲ್ ಆಫೀಸ್ ಎಂದು ಬರೀ ವಿಳಾಸ ತೆಗೆದುಕೊಂಡವರ ಜಾಗ ನೋಡಲು ಜಿಎಸ್‌ಟಿ ಇಲಾಖೆಯವರು ಬಂದರೆ ಏನು ತೋರಿಸಬೇಕು, ಅಡ್ವಾನ್ಸ್ ಎಷ್ಟು ತಿಂಗಳದು ಇಟ್ಟುಕೊಳ್ಳುತ್ತೀರಿ, ರಾತ್ರಿ ಪಾಳಿಯ ಹೆಣ್ಣುಮಕ್ಕಳಿಗೆ ಏನು ವ್ಯವಸ್ಥೆ ಮಾಡಿದ್ದೀರಿ. ಎಲ್ಲವೂ ತೂಕದ ಪ್ರಶ್ನೆಗಳು. ಅಂಥವರು ಬಾಯಿ ತುಂಬಾ ಮಾತಾಡುವ ಜಾಗ ಬೇಕು ಎಂದು ನನಗೆ ಅವತ್ತು ಬಹಳ ಅನಿಸಿತು.

ಹೆಸರಿನಲ್ಲಿ ಅನ್‌ಕಾನ್ಫರೆನ್ಸ್ ಎಂದಿದ್ದ ಮಾತ್ರಕ್ಕೆ ನಂಬಬೇಡಿ. ವೇಳಾಪಟ್ಟಿ ತರಿಸಿಕೊಂಡು ನೋಡಿ. ಬೆಳಗ್ಗೆಯಿಂದ ಸಂಜೆಯವರೆಗೂ ಭಾಷಣಕಾರರ ಹೆಸರೇ ತುಂಬಿದ್ದರೆ ಅದು ಮಾಮೂಲಿ ಕಾನ್ಫರೆನ್ಸೇ. ಕಳೆದ ಸಲ ಬಂದವರಲ್ಲಿ ಸ್ವತಃ ಸ್ಪೇಸ್ ನಡೆಸುವವರು ಎಷ್ಟು, ಪೀಠೋಪಕರಣ-ಸಾಫ್ಟ್‌ವೇರ್ ಮಾರುವವರು ಎಷ್ಟು ಎಂದು ಫೋನ್ ಮಾಡಿ ಕೇಳಿ. ಅರ್ಧಕ್ಕಿಂತ ಹೆಚ್ಚು ನಡೆಸುವವರಿದ್ದರೆ ಹೋಗಿ. ಸ್ಪೇಸ್‌ಗಳನ್ನು ಸುತ್ತಿಸಿ ತೋರಿಸುವ ಕಾರ್ಯಕ್ರಮ ಇದ್ದರಂತೂ ಬಿಡಲೇಬೇಡಿ. ಸ್ವಯಂಸೇವಕರಾಗಿ ಬಂದರೆ ಪಾಸು ಬೇಡ ಎನ್ನುವ ಸಂಘಟಕರೂ ಇರುತ್ತಾರೆ, ಕೇಳಲು ಹಿಂಜರಿಯಬೇಡಿ. ಕೊನೆಯ ದಿನ ಮಧ್ಯಾಹ್ನದ ಬಸ್ ಹಿಡಿಯಬೇಡಿ. ಎರಡು ದಿನದ ಪರಿಚಯ ಆದ ಮೇಲೆಯೇ ಜನ ತಮ್ಮ ನಿಜವಾದ ಲೆಕ್ಕ ಬಾಯಿಬಿಡುವುದು.

ಇನ್ನೂ ಬಾಗಿಲೇ ತೆರೆಯದವರು ಯಾವ ಸಮಾವೇಶಕ್ಕೂ ಹೋಗುವುದು ಬೇಡ. ಅದೇ ದುಡ್ಡಿನಲ್ಲಿ ಬೆಂಗಳೂರಿನ ಐದು ಸ್ಪೇಸ್‌ಗಳಲ್ಲಿ ಒಂದೊಂದು ದಿನದ ಪಾಸು ಕೊಂಡು, ಬೆಳಗ್ಗೆಯಿಂದ ಸಂಜೆಯವರೆಗೆ ಅಲ್ಲೇ ಕೂತು ಕೆಲಸ ಮಾಡಿ. ಫೋನ್ ಬಂದಾಗ ಜನ ಎಲ್ಲಿಗೆ ಎದ್ದು ಹೋಗುತ್ತಾರೆ, ಊಟದ ಡಬ್ಬಿ ಎಲ್ಲಿ ತೊಳೆಯುತ್ತಾರೆ, ಮೀಟಿಂಗ್ ರೂಮಿನ ಮಾತು ಎಷ್ಟು ದೂರ ಕೇಳಿಸುತ್ತದೆ ನೋಡಿ.

ಯಾರು ಹೋಗಬೇಕು

ಎಲ್ಲಿಗೆ ಎನ್ನುವಷ್ಟೇ ದೊಡ್ಡ ಪ್ರಶ್ನೆ ಇದು, ಆದರೆ ಮಾಲೀಕರು ಯೋಚಿಸುವುದೇ ಇಲ್ಲ. ಎರಡು ವರ್ಷದ ಹಿಂದೆ ನನ್ನ ಬದಲು ನಮ್ಮ ಫ್ರಂಟ್ ಡೆಸ್ಕ್ ನೋಡಿಕೊಳ್ಳುವ ಹೆಣ್ಣುಮಗಳನ್ನು ಕಳಿಸಿದೆ. ನಾನು ಹೋದಾಗಲೆಲ್ಲ ಬಾಡಿಗೆ, ಕರಾರು ಎಂದು ಕೇಳಿಕೊಂಡು ಬರುತ್ತಿದ್ದೆ. ಆಕೆ ನೋಡಿಬಂದದ್ದೇ ಬೇರೆ. ಒಂದು ಸ್ಪೇಸಿನಲ್ಲಿ ಹೊಸಬರು ಸೇರಿದ ದಿನ ಅವರನ್ನು ಮೂರು ಹಳೆಯ ಸದಸ್ಯರ ಮೇಜಿಗೆ ಕರೆದೊಯ್ದು, ಹೆಸರು ಮತ್ತು ಕೆಲಸ ಹೇಳಿ ಪರಿಚಯ ಮಾಡಿಸುತ್ತಾರಂತೆ. ಸೋಮವಾರದಿಂದಲೇ ನಮ್ಮಲ್ಲಿ ಶುರು ಮಾಡಿದಳು. ಒಂದು ವಾರದ ಹಿಂದೆ ಸೇರಿದ ಅನುವಾದಕಿಯನ್ನು ಕಿಟಕಿ ಪಕ್ಕದ ಆರ್ಕಿಟೆಕ್ಟ್ ಹತ್ತಿರ ಕರೆದುಕೊಂಡು ಹೋದಳು. ಇಬ್ಬರೂ ಸರಸ್ವತಿಪುರಂನ ಒಂದೇ ರಸ್ತೆಯವರು, ಅಷ್ಟು ದಿನ ಬೆನ್ನಿಗೆ ಬೆನ್ನು ಹಾಕಿ ಕೂತಿದ್ದರು. ಈಗ ಮಧ್ಯಾಹ್ನ ಒಟ್ಟಿಗೆ ಡಬ್ಬಿ ತೆರೆಯುತ್ತಾರೆ. ಮೂರು ತಿಂಗಳಿಗೆ ಬಿಟ್ಟು ಹೋಗುವವರು ಅವತ್ತಿನಿಂದ ಕಡಿಮೆಯಾಗಿದ್ದಾರೆ. ಸದಸ್ಯರು ಉಳಿಯುತ್ತಿಲ್ಲ ಎನ್ನುವುದು ನಿಮ್ಮ ತೊಂದರೆಯಾದರೆ ನೀವು ಊರಲ್ಲೇ ಇದ್ದು ಸೀಟು ನೋಡಿಕೊಳ್ಳಿ, ಫ್ರಂಟ್ ಡೆಸ್ಕಿನವರನ್ನು ಕಳಿಸಿ. ಕಟ್ಟಡ, ಓನರ್, ಬ್ಯಾಂಕಿನ ತೊಂದರೆಯಾದರೆ ಮಾತ್ರ ನೀವು ಹೋಗಿ.

ಶಿವಮೊಗ್ಗದವರಿಗೆ ನಾನು ಮತ್ತೆ ಫೋನ್ ಮಾಡಿದೆ. ಯುರೋಪ್ ಎರಡು ವರ್ಷ ಮುಂದೆ ಹಾಕಿ, 45 ಸೀಟು ತುಂಬಿದ ಮೇಲೆ ಹೋಗೋಣ, ನಾನೂ ಬರುತ್ತೇನೆ ಎಂದೆ. ಈಗ ಬೆಳಗಿನ ಜನಶತಾಬ್ದಿಗೆ ಬೆಂಗಳೂರಿಗೆ ಬನ್ನಿ, ನಾಲ್ಕು ಸ್ಪೇಸ್ ನೋಡೋಣ ಎಂದೆ. ಮುಂದಿನ ಸಭೆ ನಮ್ಮಲ್ಲೇ, ಆಗಸ್ಟ್ 9ರಂದು. ಆ ದಿನಕ್ಕೊಂದು ಅರ್ಥವಿದೆ. 2005ರ ಆಗಸ್ಟ್ 9ರಂದು ಬ್ರಾಡ್ ನ್ಯೂಬರ್ಗ್ ಎಂಬ ಪ್ರೋಗ್ರಾಮರ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಈ ಕೋವರ್ಕಿಂಗ್ ಎನ್ನುವುದನ್ನು ಶುರು ಮಾಡಿದರು. ಬಾಡಿಗೆಗೆ ಹಿಡಿದ ಜಾಗದಲ್ಲಿ ವಾರಕ್ಕೆ ಎರಡು ದಿನ ಮೇಜು ಹಾಕಿ ಕಾದರೆ ಮೊದಲ ತಿಂಗಳು ಒಬ್ಬರೂ ಬರಲಿಲ್ಲ ಎಂದು ಅವರೇ ಹೇಳಿದ್ದಾರೆ. ಅರ್ಧ ಖಾಲಿ ಸೀಟು ನೋಡಿಕೊಂಡು ಕೂತಿರುವವರಿಗೆ ಇದನ್ನು ಹೇಳಬೇಕು ಎಂದು ನನಗೆ ಆಸೆ. ಅದೇ ಆಗಸ್ಟ್ 9ರಂದು ನಮ್ಮ ಪ್ಯಾಂಟ್ರಿಯಲ್ಲಿ ಸುತ್ತಲ ಜಿಲ್ಲೆಗಳ ಸ್ಪೇಸ್‌ನವರು ಸೇರುತ್ತಿದ್ದೇವೆ, ಈವರೆಗೆ ಹದಿನಾಲ್ಕು ಜನ ಬರುತ್ತೇವೆ ಎಂದಿದ್ದಾರೆ. ಪಾಸಿಲ್ಲ, ಭಾಷಣವಿಲ್ಲ, ಮಾತೆಲ್ಲ ಕನ್ನಡದಲ್ಲಿ. ಚೀಟಿ, ಮಾರ್ಕರ್, ಮಧ್ಯಾಹ್ನದ ಊಟ ನಮ್ಮದು. ಬರುವವರು ಕಳೆದ ಮೂರು ತಿಂಗಳ ಕರೆಂಟ್ ಬಿಲ್ಲು ಮತ್ತು ಬಾಡಿಗೆ ಕರಾರಿನ ಪ್ರತಿ ತಂದರೆ ಸಾಕು.